ಸಂಖ್ಯಾಶಾಸ್ತ್ರಜ್ಞ ಸರ್ ರೊನಾಲ್ಡ್ ಫಿಶರ್

ಧಾರವಾಡದ ಅಥವಾ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನಡೆದ ಯಾವುದಾದರೂ ಬೆಳೆಯ ಪ್ರಯೋಗದ ವರದಿಯನ್ನು ತೆರೆದು ನೋಡಿರಿ. ಜೋಳದ ತಳಿಗಳೋ ಗೊಬ್ಬರದ ಬಗೆಗಳೋ ಒಂದರ ಕೆಳಗೊಂದು ಬರೆದಿರುತ್ತವೆ. ಪ್ರತಿಯೊಂದರ ಎದುರಿಗೂ ಅದರ ಸರಾಸರಿ ಇಳುವರಿ ಇರುತ್ತದೆ. ಪಟ್ಟಿಯ ಅಡಿಯಲ್ಲಿ ಸಿ.ಡಿ. ಎಂಬ ಎರಡಕ್ಷರ, ಅದರ ಮುಂದೆ ಒಂದು ಅಂಕಿ. ನಿರ್ಣಾಯಕ ಅಂತರವೆಂಬುದು ಅದರ ಅರ್ಥ. ಎರಡು ಸರಾಸರಿಗಳ ನಡುವಿನ ಅಂತರ ಈ ಅಂಕಿಯನ್ನು ಮೀರಿದ್ದರೆ ಒಂದು ತಳಿ ಇನ್ನೊಂದಕ್ಕಿಂತ ಮೇಲೆಂದು ಒಪ್ಪುತ್ತಾರೆ, ಮೀರದಿದ್ದರೆ ಒಪ್ಪುವುದಿಲ್ಲ. ನಮ್ಮ ನಾಡಿನ ರೈತನಿಗೆ ಯಾವ ಬೀಜವನ್ನು ಸಲಹೆಮಾಡಬೇಕೆಂಬುದನ್ನು ನಿರ್ಧರಿಸುವಲ್ಲಿ ಕೈಯಿಕ್ಕುವ ಈ ಸಣ್ಣ ಅಂಕಿಯ ಹಿಂದೆ ಒಬ್ಬ ಆಂಗ್ಲ ಗಣಿತಜ್ಞನ ಜೀವಮಾನದ ದುಡಿಮೆಯಿದೆ. ಆತನ ಹೆಸರು ರೊನಾಲ್ಡ್ ಐಲ್ಮರ್ ಫಿಶರ್.

ರಾಜ್ಯೋತ್ಸವದ ಸಂಚಿಕೆಯಲ್ಲಿ ಪರದೇಶದವನೊಬ್ಬನ ಕಥೆ ಏಕೆಂದು ಕೇಳುವವರಿಗೆ ಇನ್ನೆರಡು ಕಾರಣಗಳನ್ನು ಹೇಳಬಹುದು. ನಮ್ಮ ಹಡಗಲಿಯಲ್ಲಿ ಹುಟ್ಟಿದ ಒಬ್ಬ ಮಹನೀಯರು ಈತನ ಬಳಿ ಕಲಿತು ಲೋಕವಿಖ್ಯಾತರಾದರು. ಎರಡನೆಯದಾಗಿ, ಆ ಪ್ರಾಂತದವರು ಹೀಗೆ, ಈ ಭಾಷೆಯವರು ಹಾಗೆ ಎಂದು ಗುಂಪುಗಳನ್ನು ತೂಗಿನೋಡುವ ಮಾತನ್ನು ಹೊರನಾಡಿನಲ್ಲಿ ನೆಲೆಸಿದ ನಾವು ದಿನವೂ ಕೇಳುತ್ತೇವೆ. ಕೆಲವು ಸಲ ನಾವೇ ಆಡುತ್ತೇವೆ. ಅಂಥ ಮಾತನ್ನು ಯಾವಾಗ ಆಡಬಹುದು, ಯಾವಾಗ ಆಡಬಾರದು ಎಂಬುದಕ್ಕೆ ಫಿಶರನು ಒಂದು ಅಳತೆಗೋಲನ್ನು ಮಾಡಿಕೊಟ್ಟನು. ಅದನ್ನು ಮಾಡಿಕೊಟ್ಟವನೇ ಅದನ್ನು ಎಲ್ಲಿ ಮರೆತನು ಎಂಬುದೂ ಆತನ ಚರಿತ್ರೆಯಿಂದ ಕಲಿಯಬೇಕಾದ ಪಾಠವೇ ಆಗಿದೆ.

ಫಿಶರನು ೧೮೯೦ನೆಯ ಇಸವಿ ಫೆಬ್ರವರಿ ೧೭ರಂದು ಲಂಡನ್ನಿನ ಈಸ್ಟ್ ಫಿಂಚ್ಲಿಯಲ್ಲಿ ಹುಟ್ಟಿದನು. ಅವಳಿ ಕೂಸುಗಳಲ್ಲಿ ಬದುಕಿ ಉಳಿದವನು ಈತನೊಬ್ಬನೇ. ತಂದೆ ಕಲಾವಸ್ತುಗಳನ್ನು ಹರಾಜು ಹಾಕುವ ದೊಡ್ಡ ವ್ಯಾಪಾರಿ. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಹುಡುಗನಿಗೆ ಹದಿನಾಲ್ಕು ವರ್ಷವಾದಾಗ, ೧೯೦೪ರಲ್ಲಿ, ತಾಯಿ ತೀರಿಕೊಂಡಳು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ತಂದೆಯ ವ್ಯಾಪಾರವೂ ಮುಳುಗಿತು. ಅಲ್ಲಿಂದ ಮುಂದೆ ವಿದ್ಯಾರ್ಥಿವೇತನದ ಬಲದಿಂದಲೇ ಓದು ಸಾಗಬೇಕಾಯಿತು.

ಹುಡುಗನ ಕಣ್ಣು ಬಹಳ ಮಂದವಾಗಿತ್ತು. ಹ್ಯಾರೋ ಶಾಲೆಯಲ್ಲಿ ಓದುತ್ತಿದ್ದಾಗ ರಾತ್ರಿ ದೀಪದ ಬೆಳಕಿನಲ್ಲಿ ಓದಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರಿಂದ, ಉಪಾಧ್ಯಾಯರು ಸಂಜೆಯ ಹೊತ್ತು ಕಾಗದ ಲೇಖಣಿಗಳಿಲ್ಲದೆ ಬಾಯಿಮಾತಿನಲ್ಲಿಯೇ ಗಣಿತವನ್ನು ಹೇಳಿಕೊಡುತ್ತಿದ್ದರು. ಹುಡುಗನು ಲೆಕ್ಕವನ್ನು ಬರೆಯುವ ಬದಲು ಮನಸ್ಸಿನಲ್ಲಿ ಆಕಾರಗಳಾಗಿ ಕಂಡು ಬಿಡಿಸುವುದನ್ನು ರೂಢಿಮಾಡಿಕೊಂಡನು. ಈ ಅಭ್ಯಾಸ ಕಡೆಯವರೆಗೂ ಉಳಿಯಿತು. ಬೇರೆಯವರಿಗೆ ಪುಟಗಟ್ಟಲೆ ಬೇಕಾಗುವ ಲೆಕ್ಕದ ಉತ್ತರ ಆತನಿಗೆ ನೇರವಾಗಿ ಹೊಳೆಯುತ್ತಿತ್ತು. ನಡುವಣ ಮೆಟ್ಟಿಲುಗಳನ್ನು ಬರೆಯದೆ ಬಿಟ್ಟುಬಿಡುತ್ತಿದ್ದುದರಿಂದ ಆತನ ಲೇಖನಗಳನ್ನು ಓದುವವರು ಪಡಬಾರದ ಪಾಡು ಪಡುತ್ತಿದ್ದರು.

೧೯೦೯ರಲ್ಲಿ ಕೇಂಬ್ರಿಜ್ಜಿನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜನ್ನು ಸೇರಿ ೧೯೧೨ರಲ್ಲಿ ಗಣಿತದಲ್ಲಿ ಉನ್ನತ ಶ್ರೇಣಿಯ ಪದವಿ ಪಡೆದನು. ಗಣಿತದ ಜೊತೆಗೆ ಆತನ ಮನಸ್ಸನ್ನು ಸೆಳೆದ ಇನ್ನೊಂದು ವಿಷಯವೆಂದರೆ ಆನುವಂಶಿಕತೆ. ಪದವಿಯಾದ ಮೇಲೆ ಹಲವು ವರ್ಷ ನೆಲೆ ಸಿಗಲಿಲ್ಲ. ಕೆಲವು ತಿಂಗಳು ಕೆನಡಾ ದೇಶದ ಹೊಲದಲ್ಲಿ ದುಡಿದನು. ಲಂಡನ್ನಿನ ಒಂದು ಹೂಡಿಕೆ ಕಂಪನಿಯಲ್ಲಿ ಅಂಕಿಅಂಶದ ಕೆಲಸ ಮಾಡಿದನು. ೧೯೧೪ರಲ್ಲಿ ಮಹಾಯುದ್ಧ ಆರಂಭವಾದಾಗ ಸೈನ್ಯಕ್ಕೆ ಸೇರಲು ಹೋದರೆ ಕಣ್ಣಿನ ದೋಷದಿಂದ ತಿರಸ್ಕರಿಸಿದರು. ಯುದ್ಧ ಮುಗಿಯುವವರೆಗೂ ಶಾಲೆಗಳಲ್ಲಿ ಗಣಿತ, ಭೌತವಿಜ್ಞಾನಗಳ ಮೇಷ್ಟರಾಗಿದ್ದನು; ಆ ಕೆಲಸ ಆತನಿಗೆ ಒಗ್ಗಲಿಲ್ಲ. ೧೯೧೭ರಲ್ಲಿ ರೂತ್ ಐಲೀನ್ ಗಿನ್ನೆಸ್ ಎಂಬ ಹದಿನೇಳರ ಹುಡುಗಿಯನ್ನು ಮದುವೆಯಾದನು. ಮುಂದೆ ಹಲವು ಮಕ್ಕಳ ದೊಡ್ಡ ಸಂಸಾರವಾಯಿತು.

ಈ ಅಲೆದಾಟದ ನಡುವೆಯೇ ಫಿಶರನು ೧೯೧೮ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಬಂಧುಗಳ ನಡುವೆ ಕಾಣುವ ಹೋಲಿಕೆಯನ್ನು ಮೆಂಡಲನ ನಿಯಮಗಳಿಂದ ವಿವರಿಸಬಹುದೆಂಬುದು ಅದರ ವಿಷಯ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪರಿಶೀಲಕರು ಅನುಕೂಲವಾಗಿರಲಿಲ್ಲವಾದ್ದರಿಂದ ಅದು ಎಡಿನ್‌ಬರೋದ ಸೊಸೈಟಿಯ ಮೂಲಕ ಬೆಳಕು ಕಂಡಿತು. ವೇರಿಯನ್ಸ್ ಎಂಬ ಪದವನ್ನು ಫಿಶರನು ಲೋಕಕ್ಕೆ ಕೊಟ್ಟದ್ದು ಇದರಲ್ಲಿಯೇ. ಒಂದು ಗುಂಪಿನ ಅಂಕಿಗಳು ತಮ್ಮ ಸರಾಸರಿಯಿಂದ ಎಷ್ಟೆಷ್ಟು ದೂರ ಸರಿದಿವೆಯೋ ಆ ದೂರಗಳ ವರ್ಗಗಳ ಸರಾಸರಿಯೇ ವೇರಿಯನ್ಸು. ಇದರ ಹೆಚ್ಚಳವೇನೆಂದರೆ, ಬೇರೆ ಬೇರೆ ಕಾರಣಗಳಿಂದ ಹುಟ್ಟಿದ ಏರಿಳಿತವನ್ನು ಖರ್ಚಿನ ಬಾಬುಗಳಂತೆ ವಿಂಗಡಿಸಿ ಬರೆಯಬಹುದು. ಕಾರಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಇದ್ದರೆ ಬಾಬುಗಳ ಮೊತ್ತ ಒಟ್ಟು ಮೊತ್ತಕ್ಕೆ ಸರಿಯಾಗಿ ತಾಳೆಯಾಗುತ್ತದೆ.

೧೯೧೯ರಲ್ಲಿ ಎರಡು ಕೆಲಸಗಳು ಒಟ್ಟಿಗೆ ಬಂದವು. ಒಂದು, ಸಂಖ್ಯಾಶಾಸ್ತ್ರದಲ್ಲಿ ಆಗ ಚಕ್ರವರ್ತಿಯಂತಿದ್ದ ಕಾರ್ಲ್ ಪಿಯರ್ಸನ್ನನ ಪ್ರಯೋಗಶಾಲೆಯಲ್ಲಿ. ಇನ್ನೊಂದು, ಲಂಡನ್ನಿನ ಉತ್ತರಕ್ಕಿರುವ ಹಾರ್ಪೆಂಡನ್ ಎಂಬ ಊರಿನ ರೊಥಾಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರದಲ್ಲಿ. ಫಿಶರನು ಹೊಲವನ್ನೇ ಆರಿಸಿಕೊಂಡನು. ರೊಥಾಮ್‌ಸ್ಟೆಡ್ಡಿನಲ್ಲಿ ೧೮೪೩ರಿಂದಲೂ ಒಂದೇ ಗದ್ದೆಯಲ್ಲಿ ಬೇರೆ ಬೇರೆ ಗೊಬ್ಬರ ಹಾಕಿ ಗೋಧಿ ಬೆಳೆದು ವರ್ಷವರ್ಷವೂ ಇಳುವರಿಯನ್ನು ಬರೆದಿಡುತ್ತಿದ್ದರು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ದಾಖಲೆಗಳು ಗುಡ್ಡೆಬಿದ್ದಿದ್ದವು. ಅವುಗಳಿಂದ ಏನಾದರೂ ಸಾರ ಹೊರಡುವುದೇ ನೋಡೆಂದು ನಿರ್ದೇಶಕನಾಗಿದ್ದ ಜಾನ್ ರಸೆಲ್ ಈ ತರುಣನನ್ನು ಕರೆಸಿದನು. ಸ್ವಲ್ಪ ಕಾಲಕ್ಕೆಂದು ಬಂದವನು ಹದಿನಾಲ್ಕು ವರ್ಷ ಅಲ್ಲಿಯೇ ಉಳಿದನು.

ಆ ದಾಖಲೆಗಳ ಮುಂದೆ ಕುಳಿತಾಗ ಫಿಶರನಿಗೆ ಎದುರಾದ ತೊಡಕನ್ನು ನಮ್ಮ ರೈತರೂ ಬಲ್ಲರು. ಒಂದೇ ಬೀಜ ಬಿತ್ತಿ ಒಂದೇ ಗೊಬ್ಬರ ಹಾಕಿದ ಐದು ತಾಕುಗಳಲ್ಲಿಯೂ ಇಳುವರಿ ಒಂದೇ ಸಮನಾಗಿ ಬರುವುದಿಲ್ಲ. ಒಂದು ಕಡೆ ಮಣ್ಣು ಆಳ, ಇನ್ನೊಂದು ಕಡೆ ಕಲ್ಲು. ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ, ಇನ್ನೊಂದನ್ನು ಹಕ್ಕಿ ತಿನ್ನುತ್ತದೆ. ಹೀಗಿರುವಾಗ ಒಂದು ಗೊಬ್ಬರದ ತಾಕಿನಲ್ಲಿ ಹೆಚ್ಚು ಬೆಳೆದರೆ ಅದು ಗೊಬ್ಬರದ ಗುಣವೋ ನೆಲದ ಗುಣವೋ ಹೇಳುವುದು ಹೇಗೆ? ಫಿಶರನ ಉತ್ತರ ಸರಳವಾದುದು. ಒಟ್ಟು ಏರಿಳಿತವನ್ನು ಎರಡು ಬಾಬಾಗಿ ಒಡೆಯಬೇಕು. ಒಂದೇ ಗೊಬ್ಬರ ಪಡೆದ ತಾಕುಗಳ ಒಳಗೊಳಗೇ ಕಾಣುವ ಏರಿಳಿತ ಒಂದು. ಇದು ನೆಲ, ಹವೆ, ಆಕಸ್ಮಿಕಗಳ ಪಾಲು. ಗೊಬ್ಬರ ಗೊಬ್ಬರಗಳ ಸರಾಸರಿಗಳ ನಡುವೆ ಕಾಣುವ ಏರಿಳಿತ ಇನ್ನೊಂದು. ಗೊಬ್ಬರಗಳಲ್ಲಿ ಭೇದವೇ ಇಲ್ಲದಿದ್ದರೆ ತಕ್ಕ ರೀತಿಯಲ್ಲಿ ಲೆಕ್ಕಹಾಕಿದ ಈ ಎರಡು ಅಳತೆಗಳೂ ಸುಮಾರಾಗಿ ಸಮನಾಗಿರಬೇಕು. ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಪಾಲು ಹೆಚ್ಚಿದ್ದರೆ ಮಾತ್ರ ಗೊಬ್ಬರಗಳಲ್ಲಿ ಭೇದವಿದೆಯೆನ್ನಬಹುದು. ಅಂದರೆ ಗುಂಪುಗಳ ನಡುವಣ ಅಂತರವನ್ನು ಅಳೆಯಲು ಗುಂಪುಗಳ ಒಳಗಿನ ಏರಿಳಿತವೇ ಗಜಕಡ್ಡಿ. ಇದಕ್ಕೆ ಅನಾಲಿಸಿಸ್ ಆಫ್ ವೇರಿಯನ್ಸ್ ಎಂದು ಹೆಸರಾಯಿತು. ಕನ್ನಡದಲ್ಲಿ ಏರಿಳಿತದ ವಿಂಗಡಣೆ ಎನ್ನಬಹುದು.

೧೯೨೩ರಲ್ಲಿ ಫಿಶರನು ವಿನಿಫ್ರೆಡ್ ಮೆಕೆಂಝಿ ಎಂಬಾಕೆಯೊಡನೆ ಆಲೂಗಡ್ಡೆಯ ಹನ್ನೆರಡು ತಳಿಗಳ ಪ್ರಯೋಗವನ್ನು ಈ ವಿಧಾನದಿಂದ ಪರೀಕ್ಷಿಸಿ ಪ್ರಕಟಿಸಿದನು. ಬೇರೆ ಬೇರೆ ತಳಿಗಳು ಗೊಬ್ಬರಕ್ಕೆ ಬೇರೆ ಬೇರೆ ರೀತಿಯಲ್ಲಿ ಓಗೊಡುತ್ತವೆಂಬ ನಂಬಿಕೆಗೆ ಆ ಅಂಕಿಗಳಲ್ಲಿ ಆಧಾರ ಸಿಗಲಿಲ್ಲ. ಲೆಕ್ಕದಷ್ಟೇ ಮುಖ್ಯವಾದ ಇನ್ನೊಂದು ಮಾತನ್ನೂ ಆತನು ಅನಂತರ ಹೇಳಿದನು: ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಪ್ರಯೋಗ ಮಾಡುವವನು ತನ್ನ ಮನಸ್ಸಿನಂತೆ ಹಂಚಕೂಡದು, ಚೀಟಿ ಎತ್ತಿ ಹಂಚಬೇಕು. ತನಗೆ ಬೇಕಾದ ಗೊಬ್ಬರಕ್ಕೆ ಒಳ್ಳೆಯ ನೆಲವನ್ನು ಕೊಡುವ ಆಸೆ ಯಾರಿಗೂ ತಿಳಿಯದೆ ಕೈಯಲ್ಲಿ ಸೇರಿಕೊಂಡಿರುತ್ತದೆ. ಆ ಕೈಯನ್ನು ಕಟ್ಟಿಹಾಕುವುದು ಚೀಟಿಯ ಕೆಲಸ.

ರೊಥಾಮ್‌ಸ್ಟೆಡ್ಡಿನ ಚಹಾದ ಕಥೆ ಬಹಳ ಪ್ರಸಿದ್ಧವಾದುದು. ಅಲ್ಲಿ ಪಾಚಿಗಳ ಅಧ್ಯಯನ ಮಾಡುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬಾಕೆ, ಬಟ್ಟಲಿಗೆ ಮೊದಲು ಹಾಲು ಹಾಕಿದ್ದಾರೋ ಚಹಾ ಹಾಕಿದ್ದಾರೋ ತಾನು ಕುಡಿದೇ ಹೇಳಬಲ್ಲೆನೆಂದಳಂತೆ. ಫಿಶರನು ಇದನ್ನು ೧೯೩೫ರ ತನ್ನ ಪುಸ್ತಕದಲ್ಲಿ ಪಾಠವಾಗಿ ಮಾಡಿಕೊಂಡನು. ಎಂಟು ಬಟ್ಟಲು, ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಚಹಾ ಮೊದಲು, ಕೊಡುವ ಕ್ರಮ ಚೀಟಿ ಎತ್ತಿದಂತೆ. ಎಂಟರಲ್ಲಿ ನಾಲ್ಕನ್ನು ಆರಿಸಲು ೭೦ ದಾರಿಗಳಿವೆ. ಆದುದರಿಂದ ಏನೂ ತಿಳಿಯದವಳು ಬರಿಯ ಅದೃಷ್ಟದಿಂದ ಎಲ್ಲವನ್ನೂ ಸರಿಯಾಗಿ ಹೇಳುವ ಸಂಭವ ೭೦ಕ್ಕೆ ಒಂದು. ಪರೀಕ್ಷೆಯ ಷರತ್ತನ್ನು ಚಹಾ ಕುಡಿಯುವ ಮುಂಚೆಯೇ ಗೊತ್ತುಮಾಡಬೇಕು, ಕುಡಿದಾದ ಮೇಲೆ ಅಲ್ಲ ಎಂಬುದೇ ಇದರ ತಿರುಳು.

೧೯೨೫ರಲ್ಲಿ ಫಿಶರನು ಸಂಶೋಧಕರಿಗಾಗಿ ಬರೆದ ಸಂಖ್ಯಾವಿಧಾನಗಳ ಪುಸ್ತಕ ಎಡಿನ್‌ಬರೋದಲ್ಲಿ ಅಚ್ಚಾಯಿತು. ಗಣಿತಜ್ಞರಿಗೆ ಅದು ಮೊದಲು ಹಿಡಿಸಲಿಲ್ಲ. ಹೊಲದಲ್ಲಿ, ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರು ಅದನ್ನು ಕೈಪಿಡಿ ಮಾಡಿಕೊಂಡರು. ಇಪ್ಪತ್ತಕ್ಕೆ ಒಂದು ಸಲಕ್ಕಿಂತ ಹೆಚ್ಚಾಗಿ ಆಕಸ್ಮಿಕವಾಗಿ ಬರಲಾರದ ಅಂತರವನ್ನು ಗಮನಿಸತಕ್ಕದ್ದೆಂದು ಎಣಿಸುವ ರೂಢಿ ಈ ಪುಸ್ತಕದಿಂದ ಹಬ್ಬಿತು. ೧೯೨೯ರಲ್ಲಿ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. ೧೯೩೪ರಲ್ಲಿ ಅಮೆರಿಕದ ಸ್ನೆಡೆಕರ್ ಎಂಬ ವಿದ್ವಾಂಸನು ಎರಡು ಬಾಬುಗಳ ಪ್ರಮಾಣಕ್ಕೆ ಫಿಶರನ ಹೆಸರಿನ ಮೊದಲಕ್ಷರವನ್ನೇ ಇಟ್ಟನು. ಎಫ್ ಪರೀಕ್ಷೆಯೆಂದು ಇಂದು ಕಾಲೇಜಿನ ಹುಡುಗರೂ ಹೇಳುವುದು ಅದನ್ನೇ.

ಆದರೆ ಎಫ್ ಪರೀಕ್ಷೆ ಹೇಳುವುದು ಒಂದೇ ಮಾತು: ಈ ಗುಂಪುಗಳಲ್ಲಿ ಎಲ್ಲೋ ಭೇದವಿದೆ. ಯಾವುದಕ್ಕೂ ಯಾವುದಕ್ಕೂ ಭೇದವೆಂದು ಅದು ಹೇಳುವುದಿಲ್ಲ. ರೈತನಿಗೆ ಬೇಕಾದದ್ದು ಈ ಎರಡನೆಯ ಉತ್ತರ. ತೊಡಕು ಇರುವುದೂ ಇಲ್ಲಿಯೇ. ಹತ್ತು ತಳಿಗಳಿದ್ದರೆ ಅವುಗಳಿಂದ ೪೫ ಜೋಡಿಗಳಾಗುತ್ತವೆ. ಹತ್ತೂ ತಳಿಗಳು ನಿಜವಾಗಿ ಒಂದೇ ಸಮನಾಗಿದ್ದರೂ, ಪ್ರತಿ ಜೋಡಿಯನ್ನೂ ಇಪ್ಪತ್ತಕ್ಕೆ ಒಂದರ ಷರತ್ತಿನಿಂದ ಪರೀಕ್ಷಿಸುತ್ತ ಹೋದರೆ ಸರಾಸರಿ ಎರಡಕ್ಕಿಂತ ಹೆಚ್ಚು ಜೋಡಿಗಳಲ್ಲಿ ಇಲ್ಲದ ಭೇದ ಇದೆಯೆಂದು ಕಾಣಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಮೇಲಿರುವುದನ್ನೂ ಎಲ್ಲಕ್ಕಿಂತ ಕೆಳಗಿರುವುದನ್ನೂ ನೋಡಿ ಆರಿಸಿಕೊಂಡು ಆ ಜೋಡಿಯನ್ನಷ್ಟೇ ಮುಂದಿಟ್ಟರೆ ಮೋಸ ಇನ್ನೂ ಹೆಚ್ಚು.

ಈ ಅಪಾಯವನ್ನು ಫಿಶರನು ಚೆನ್ನಾಗಿ ಬಲ್ಲವನಾಗಿದ್ದನು. ೧೯೩೫ರ ಪುಸ್ತಕದಲ್ಲಿ ಆತನು ದಾರಿ ತೋರಿಸಿದನು. ಮೊದಲು ಎಫ್ ಪರೀಕ್ಷೆಯಾಗಬೇಕು. ಅದರಲ್ಲಿ ಭೇದ ಕಂಡರೆ ಮಾತ್ರ ಜೋಡಿಗಳ ಕಡೆ ತಿರುಗಬೇಕು. ಎಲ್ಲ ಗುಂಪುಗಳ ಒಳಗಿನ ಏರಿಳಿತವನ್ನು ಒಟ್ಟುಗೂಡಿಸಿ ಮಾಡಿದ ಅಳತೆಯಿಂದಲೇ ಅವುಗಳನ್ನು ತೂಗಬೇಕು. ಅಂಕಿಗಳನ್ನು ನೋಡಿದ ಮೇಲೆ ಹೊಳೆದ ಹೋಲಿಕೆಗೆ ಮಾಮೂಲಿನ ಷರತ್ತು ಸಾಲದು, ಜೋಡಿಗಳು ಹೆಚ್ಚಿದಷ್ಟೂ ಷರತ್ತನ್ನು ಬಿಗಿಮಾಡಬೇಕೆಂದು ಎಚ್ಚರಿಸಿದನು.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ನಾಲ್ಕು ಗೊಬ್ಬರ, ಒಂದೊಂದಕ್ಕೂ ಐದು ತಾಕು. ಸರಾಸರಿ ಇಳುವರಿ ಕ್ರಮವಾಗಿ ೨೦, ೨೨, ೨೩.೫ ಮತ್ತು ೨೬ ಕಿಲೋ. ಗುಂಪಿನ ಒಳಗಿನ ವೇರಿಯನ್ಸು ೫. ಲೆಕ್ಕಮಾಡಿದರೆ ಎಫ್ ಸುಮಾರು ೬.೪ ಬರುತ್ತದೆ; ೩.೨೪ನ್ನು ದಾಟಿದರೆ ಸಾಕು, ಆದುದರಿಂದ ಎಲ್ಲೋ ಭೇದವಿದೆ. ಈಗ ಫಿಶರನ ನಿರ್ಣಾಯಕ ಅಂತರವನ್ನು ಕಂಡುಹಿಡಿದರೆ ಅದು ೩ ಕಿಲೋ. ಆರು ಜೋಡಿಗಳಲ್ಲಿ ಮೂರು ಇದನ್ನು ಮೀರುತ್ತವೆ: ನಾಲ್ಕನೆಯ ಗೊಬ್ಬರ ಮೊದಲನೆಯದಕ್ಕಿಂತ ಮೇಲು, ಎರಡನೆಯದಕ್ಕಿಂತ ಮೇಲು, ಮೂರನೆಯದು ಮೊದಲನೆಯದಕ್ಕಿಂತ ಮೇಲು. ನಮ್ಮ ವರದಿಗಳ ಅಡಿಯಲ್ಲಿ ಬರುವ ಸಿ.ಡಿ. ಇದೇ.

ಇಷ್ಟು ಬಿಗಿ ಸಾಲದೆಂದು ಹೇಳಿದವರೂ ಇದ್ದರು. ಅಮೆರಿಕದ ಜಾನ್ ಟ್ಯೂಕಿ ೧೯೪೯ರಲ್ಲಿ ಈ ಸಮಸ್ಯೆಯನ್ನೇ ಕುರಿತು ಬರೆದನು. ೧೯೫೩ರ ಹೊತ್ತಿಗೆ ಎಲ್ಲ ಜೋಡಿಗಳನ್ನೂ ಒಟ್ಟಿಗೆ ಗಣನೆಗೆ ತೆಗೆದುಕೊಳ್ಳುವ ವಿಧಾನವನ್ನು ಪೂರ್ಣವಾಗಿ ರೂಪಿಸಿದನು. ಒಟ್ಟು ಪಟ್ಟಿಯಲ್ಲಿ ಒಂದಾದರೂ ಸುಳ್ಳು ಭೇದ ನುಸುಳುವ ಸಂಭವ ಇಪ್ಪತ್ತಕ್ಕೆ ಒಂದನ್ನು ಮೀರಬಾರದೆಂಬುದು ಆತನ ಷರತ್ತು. ಆತನ ಅಳತೆಯಲ್ಲಿ ಮೇಲಿನ ಉದಾಹರಣೆಯ ನಿರ್ಣಾಯಕ ಅಂತರ ೪.೦೫ ಕಿಲೋ ಆಗುತ್ತದೆ. ಆಗ ನಿಲ್ಲುವುದು ಒಂದೇ ಜೋಡಿ, ನಾಲ್ಕನೆಯದು ಮತ್ತು ಮೊದಲನೆಯದು. ೪ ಕಿಲೋ ಅಂತರದ ಜೋಡಿ ಕೂದಲೆಳೆಯಲ್ಲಿ ತಪ್ಪಿಹೋಯಿತು. ೧೯೫೩ರಲ್ಲಿ ಶೆಫೆ, ೧೯೫೫ರಲ್ಲಿ ಡಂಕನ್ ತಮ್ಮ ತಮ್ಮ ವಿಧಾನಗಳನ್ನು ಪ್ರಕಟಿಸಿದರು. ಹೆಚ್ಚು ಬಿಗಿಮಾಡಿದರೆ ನಿಜವಾದ ಭೇದ ಕೈತಪ್ಪುತ್ತದೆ. ಸಡಿಲ ಬಿಟ್ಟರೆ ಸುಳ್ಳು ಭೇದ ಒಳಬರುತ್ತದೆ. ಯಾವ ತಪ್ಪು ಹೆಚ್ಚು ದುಬಾರಿಯೆಂದು ನೋಡಿ ಮೊದಲೇ ವಿಧಾನವನ್ನು ಆರಿಸಿಕೊಳ್ಳಬೇಕು. ಲೆಕ್ಕವಾದ ಮೇಲೆ ತನಗೆ ಒಪ್ಪುವ ಉತ್ತರ ಕೊಟ್ಟ ವಿಧಾನವನ್ನು ಹಿಡಿಯುವುದು ಮಾತ್ರ ಯಾರ ಶಾಸ್ತ್ರದಲ್ಲಿಯೂ ನ್ಯಾಯವಲ್ಲ.

ಇನ್ನು ಫಿಶರನ ಮುಂದಿನ ಜೀವನವನ್ನು ನೋಡೋಣ. ೧೯೩೩ರಲ್ಲಿ ಕಾರ್ಲ್ ಪಿಯರ್ಸನ್ ನಿವೃತ್ತನಾದಾಗ ಆತನ ವಿಭಾಗವನ್ನು ಎರಡಾಗಿ ಒಡೆದು, ಸಂಖ್ಯಾಶಾಸ್ತ್ರವನ್ನು ಆತನ ಮಗ ಎಗಾನ್ ಪಿಯರ್ಸನ್ನನಿಗೂ ಸುಪ್ರಜನನ ಶಾಸ್ತ್ರದ ಪೀಠವನ್ನು ಫಿಶರನಿಗೂ ಕೊಟ್ಟರು. ತಂದೆಯೊಡನೆ ಇದ್ದ ಜಗಳ ಮಗನ ಕಾಲಕ್ಕೂ ಮುಂದುವರಿಯಿತು. ನೇಮನ್ ಎಂಬ ಇನ್ನೊಬ್ಬ ದೊಡ್ಡ ವಿದ್ವಾಂಸನೊಡನೆಯೂ ೧೯೩೫ರಿಂದ ಮಾತು ಕೆಟ್ಟಿತು. ಫಿಶರನು ಸ್ನೇಹಿತರಿಗೆ ಉದಾರಿ, ಶಿಷ್ಯರಿಗೆ ವತ್ಸಲ. ಎದುರುಮಾತು ಕೇಳಿದರೆ ಸಿಡಿದುಬೀಳುವವನು. ೧೯೪೩ರಲ್ಲಿ ಕೇಂಬ್ರಿಜ್ಜಿನಲ್ಲಿ ತಳಿಶಾಸ್ತ್ರದ ಪ್ರಾಧ್ಯಾಪಕನಾದನು. ವಿಮಾನಪಡೆಯಲ್ಲಿದ್ದ ಹಿರಿಯ ಮಗ ಜಾರ್ಜ್ ಯುದ್ಧದಲ್ಲಿ ಮಡಿದದ್ದೂ ಅದೇ ವರ್ಷ. ೧೯೫೨ರಲ್ಲಿ ಸರ್ ಪದವಿ ಬಂದಿತು.

ಭಾರತದೊಡನೆ ಫಿಶರನ ಸಂಬಂಧ ಗಾಢವಾದುದು. ೧೯೩೧ರಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರಿಗೂ ಆತನಿಗೂ ರೊಥಾಮ್‌ಸ್ಟೆಡ್ಡಿನ ಕಾಲದಿಂದಲೇ ಸ್ನೇಹ. ಅವರ ಆಹ್ವಾನದ ಮೇಲೆ ಬಂದು ೧೯೩೮ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಕೂಡಿದ ಮೊದಲನೆಯ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷತೆ ವಹಿಸಿದನು. ಅನಂತರವೂ ಹಲವು ಸಲ ಬಂದನು. ೧೯೫೪ರಲ್ಲಿ ಪಾನ್ಸೆ ಮತ್ತು ಸುಖಾತ್ಮೆ ಅವರು ಬರೆದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಪ್ರಕಟಿಸಿದ ಪುಸ್ತಕದ ಮೂಲಕ ಫಿಶರನ ವಿಧಾನಗಳು ನಮ್ಮ ಕೃಷಿ ಕಾಲೇಜುಗಳ ಪಾಠವಾದವು.

ಹಡಗಲಿಯ ಮಾತು ಇಲ್ಲಿ ಬರುತ್ತದೆ. ಇಂದಿನ ವಿಜಯನಗರ ಜಿಲ್ಲೆಯ, ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿಯಲ್ಲಿ, ೧೯೨೦ರ ಸೆಪ್ಟೆಂಬರ್ ೧೦ರಂದು ಒಂದು ತೆಲುಗು ಮನೆತನದಲ್ಲಿ ಸಿ. ಆರ್. ರಾವ್ ಅವರು ಹುಟ್ಟಿದರು. ಆಂಧ್ರ ವಿಶ್ವವಿದ್ಯಾಲಯದಲ್ಲಿಯೂ ಕಲ್ಕತ್ತೆಯಲ್ಲಿಯೂ ಓದಿ ೧೯೪೬ರಲ್ಲಿ ಕೇಂಬ್ರಿಜ್ಜಿಗೆ ಹೋದರು. ಹಗಲು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಸೂಡಾನಿನಿಂದ ತಂದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವ ಕೆಲಸ. ಜೊತೆಗೆ ಫಿಶರನ ಪ್ರಯೋಗಶಾಲೆಯಲ್ಲಿ ಇಲಿಗಳ ತಳಿಯ ಅಧ್ಯಯನ. ಫಿಶರನ ಮಾರ್ಗದರ್ಶನದಲ್ಲಿಯೇ ೧೯೪೮ರಲ್ಲಿ ಡಾಕ್ಟರೇಟ್ ಪಡೆದರು. ೨೦೨೩ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಅವರಿಗೆ ದೊರೆಯಿತು. ಅದೇ ವರ್ಷ ಆಗಸ್ಟ್ ೨೨ರಂದು ನೂರೆರಡು ವರ್ಷ ದಾಟಿದ ತುಂಬು ಜೀವನವನ್ನು ಮುಗಿಸಿದರು.

ಇಷ್ಟರಲ್ಲಿಯೇ ಕಥೆ ನಿಂತಿದ್ದರೆ ಬರಿಯ ಕೀರ್ತಿಯ ಕಥೆಯಾಗುತ್ತಿತ್ತು. ಆದರೆ ಫಿಶರನ ಖಾತೆಯಲ್ಲಿ ಜಮೆಯಷ್ಟೇ ಇಲ್ಲ, ಖರ್ಚೂ ಇದೆ. ತರುಣನಾಗಿದ್ದಾಗಿನಿಂದಲೂ ಆತನು ಸುಪ್ರಜನನ ಚಳವಳಿಯವನು. ಮನುಷ್ಯರಲ್ಲಿ ಮೇಲುತಳಿ ಕೀಳುತಳಿಗಳಿವೆಯೆಂದೂ ಮೇಲಿನವರ ಸಂತಾನ ಹೆಚ್ಚಬೇಕೆಂದೂ ನಂಬಿದ್ದನು. ಎರಡನೆಯ ಮಹಾಯುದ್ಧದ ಅನಂತರ ಯುನೆಸ್ಕೋ ಸಂಸ್ಥೆ ಮಾನವ ಜನಾಂಗಗಳ ವಿಷಯದಲ್ಲಿ ವಿದ್ವಾಂಸರ ಅಭಿಪ್ರಾಯ ಕೇಳಿದಾಗ, ಜನಾಂಗಗಳು ಬುದ್ಧಿ ಭಾವಗಳ ಹುಟ್ಟುಗುಣದಲ್ಲಿಯೇ ಬೇರೆಯೆಂದು ವಾದಿಸಿ ಅದರ ಹೇಳಿಕೆಗೆ ಆಕ್ಷೇಪವೆತ್ತಿದನು. ಇಲ್ಲಿ ಆತನೇ ಕಲಿಸಿದ ಪ್ರಶ್ನೆಯನ್ನು ಕೇಳಬೇಕಾಗಿತ್ತು: ಗುಂಪಿನ ಒಳಗೆ ಏರಿಳಿತ ಎಷ್ಟು, ಗುಂಪುಗಳ ನಡುವೆ ಎಷ್ಟು? ೧೯೭೨ರಲ್ಲಿ ಅಮೆರಿಕದ ರಿಚರ್ಡ್ ಲೆವೊಂಟಿನ್ ರಕ್ತದ ಗುಂಪು ಮೊದಲಾದ ಆನುವಂಶಿಕ ಲಕ್ಷಣಗಳನ್ನು ತೆಗೆದುಕೊಂಡು ಇಂಥದೇ ವಿಂಗಡಣೆಯನ್ನು ಮಾಡಿ ನೋಡಿದನು. ಮಾನವರಲ್ಲಿರುವ ಭೇದದಲ್ಲಿ ನೂರಕ್ಕೆ ಸುಮಾರು ೮೫ ಪಾಲು ಒಂದೊಂದು ಜನಸಮುದಾಯದ ಒಳಗೇ ಇರುವುದು ಕಂಡುಬಂದಿತು. ಗಜಕಡ್ಡಿಯನ್ನು ಮಾಡಿಕೊಟ್ಟವನು ಗದ್ದೆಯಲ್ಲಿ ಅದನ್ನು ತಪ್ಪದೆ ಬಳಸಿದನು. ಮನುಷ್ಯರ ವಿಷಯ ಬಂದಾಗ ಅಳೆಯುವ ಮೊದಲೇ ಉತ್ತರ ಹೇಳಿಬಿಟ್ಟನು.

ಇನ್ನೊಂದು ಎಡವಟ್ಟು ಹೊಗೆಸೊಪ್ಪಿನದು. ೧೯೫೦ರಲ್ಲಿ ಡಾಲ್ ಮತ್ತು ಹಿಲ್ ಎಂಬ ಇಬ್ಬರು ಬ್ರಿಟಿಷ್ ವಿದ್ವಾಂಸರು ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ಅಂಕಿಗಳಿಂದ ತೋರಿಸಿದರು. ೧೯೫೪ರಲ್ಲಿ ಬ್ರಿಟನ್ನಿನ ವೈದ್ಯರನ್ನೇ ಅನುಸರಿಸಿ ನೋಡಿದ ಲೆಕ್ಕವೂ ಅದನ್ನೇ ಹೇಳಿತು. ೧೯೫೭ರಿಂದ ಫಿಶರನು ಇದನ್ನು ಬಲವಾಗಿ ಅಲ್ಲಗಳೆದನು. ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲವಾದ್ದರಿಂದ ಕಾರಣವನ್ನು ಹೇಳಲಾಗದೆಂಬ ಆತನ ಮಾತಿನಲ್ಲಿ ಹುರುಳಿತ್ತು. ಸೇದುವ ಚಟವೂ ಕ್ಯಾನ್ಸರೂ ಒಂದೇ ಹುಟ್ಟುಗುಣದಿಂದ ಬಂದಿರಬಹುದೆಂದು ಅವಳಿಗಳ ಅಂಕಿಗಳನ್ನು ಮುಂದಿಟ್ಟನು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಡಾಲ್ ಮತ್ತು ಹಿಲ್ ಅವರ ಮೊದಲ ವರದಿಯ ಹಲವಾರು ಹೋಲಿಕೆಗಳಲ್ಲಿ, ಹೊಗೆಯನ್ನು ಒಳಗೆಳೆಯುವವರು ರೋಗಿಗಳಲ್ಲಿ ಹೆಚ್ಚಾಗಿಲ್ಲವೆಂಬ ಒಂದು ಹೋಲಿಕೆಯನ್ನು ಹೆಕ್ಕಿಕೊಂಡು ಅದನ್ನೇ ದೊಡ್ಡದು ಮಾಡಿದನು. ಪಟ್ಟಿಯನ್ನು ನೋಡಿದ ಮೇಲೆ ಬೇಕಾದ ಜೋಡಿಯನ್ನು ಆರಿಸಬಾರದೆಂದು ಕಲಿಸಿದವನು ಆತನೇ.

ಫಿಶರನು ಪೈಪು ಸೇದುವ ಅಭ್ಯಾಸದವನು. ತಂಬಾಕು ತಯಾರಕರ ಸಮಿತಿಗೆ ಸಲಹೆಗಾರನೂ ಆಗಿದ್ದನು. ಹಣದ ಆಸೆಯಿಂದಲೇ ಹೀಗೆ ಹೇಳಿದನೆನ್ನುವುದು ನ್ಯಾಯವಾಗಲಾರದು. ತನಗೆ ತೋಚಿದ್ದನ್ನು ಹಟದಿಂದ ಸಾಧಿಸುವುದು ಆತನ ಹುಟ್ಟುಸ್ವಭಾವ. ಆದರೆ ಸಾವಿರಾರ ಜನ ಗೌರವಿಸುವವನ ಮಾತು ತಪ್ಪಾದರೆ ನಷ್ಟವೂ ದೊಡ್ಡದು. ೧೯೬೪ರಲ್ಲಿ ಅಮೆರಿಕ ಸರಕಾರದ ವರದಿ ಸಿಗರೇಟೇ ಕಾರಣವೆಂದು ಸಾರಿತು. ಅದನ್ನು ಕೇಳಲು ಫಿಶರನು ಇರಲಿಲ್ಲ.

೧೯೫೭ರಲ್ಲಿ ನಿವೃತ್ತನಾಗಿ, ೧೯೫೯ರಲ್ಲಿ ಆಸ್ಟ್ರೇಲಿಯದ ಅಡಿಲೇಡಿಗೆ ಹೋಗಿ ನೆಲೆಸಿದ್ದನು. ೧೯೬೨ರ ಜುಲೈ ೨೯ರಂದು, ಕರುಳಿನ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾದ ಮೇಲೆ ಕಾಲವಾದನು. ಆತನ ಅಸ್ಥಿಭಸ್ಮವನ್ನು ಅಲ್ಲಿಯ ಸೇಂಟ್ ಪೀಟರ್ ಕೆಥೆಡ್ರಲ್ಲಿನಲ್ಲಿ ಇರಿಸಿದ್ದಾರೆ. ಕೇಂಬ್ರಿಜ್ಜಿನ ಆತನ ಕಾಲೇಜಿನ ಊಟದ ಸಭಾಂಗಣದಲ್ಲಿ ಆತನ ಸ್ಮರಣೆಗಾಗಿ ಬಣ್ಣದ ಗಾಜಿನ ಒಂದು ಕಿಟಕಿಯಿತ್ತು. ಹೊಲದ ಪ್ರಯೋಗಗಳಲ್ಲಿ ಬಳಸುವ ಲ್ಯಾಟಿನ್ ಚೌಕದ ಚಿತ್ರ ಅದರಲ್ಲಿತ್ತು. ೨೦೨೦ರಲ್ಲಿ ಆತನ ಸುಪ್ರಜನನದ ಅಭಿಪ್ರಾಯಗಳ ಕಾರಣದಿಂದ ಕಾಲೇಜಿನವರು ಅದನ್ನು ತೆಗೆಸಿದರು. ಕಿಟಕಿ ಹೋಯಿತು; ಪಟ್ಟಿಯ ಅಡಿಯ ಸಿ.ಡಿ. ಹೋಗಲಿಲ್ಲ. ಔಷಧಗಳ ಪರೀಕ್ಷೆಯಲ್ಲಿ, ಕಾರ್ಖಾನೆಯಲ್ಲಿ, ಹೊಲದಲ್ಲಿ ಆತನ ವಿಧಾನಗಳು ಇಂದಿಗೂ ನಡೆಯುತ್ತಿವೆ.

ಊರು ಬಿಟ್ಟು ಪರನಗರದಲ್ಲಿ ಬಾಳುವ ನಮಗೆ ಇದರಲ್ಲಿ ತಿಳಿಯಬೇಕಾದದ್ದಿದೆ. ನೆರೆಮನೆಯವರು ನಮ್ಮನ್ನು ಒಂದು ಗುಂಪಿನ ಸರಾಸರಿಯೆಂದು ನೋಡುತ್ತಾರೆ. ನಾವೂ ಅವರನ್ನು ಹಾಗೆಯೇ ನೋಡುತ್ತೇವೆ. ನಾಲ್ಕು ಜನರನ್ನು ಕಂಡು, ಅದರಲ್ಲಿ ಮನಸ್ಸಿಗೆ ಬಂದ ಇಬ್ಬರನ್ನು ಆರಿಸಿ, ಅವರ ಜಾತಿಯೇ ಹೀಗೆ, ಅವರ ನಾಡೇ ಹಾಗೆ ಎಂದು ತೀರ್ಪು ಕೊಡುವುದು ಸುಲಭ. ನಮ್ಮ ಸಂಘದ ಒಂದು ಸಭೆಯಲ್ಲಿಯೇ ಎಷ್ಟು ಬಗೆಯ ಮಂದಿ ಕೂಡುತ್ತಾರೆಂಬುದನ್ನು ಒಮ್ಮೆ ಸುತ್ತ ನೋಡಿದರೆ, ಒಂದು ಗುಂಪಿನ ಒಳಗೆ ಇರುವ ಏರಿಳಿತ ಎಷ್ಟೆಂದು ತಿಳಿಯುತ್ತದೆ. ಅದನ್ನು ಮೊದಲು ಅಳೆದು, ಆಮೇಲೆ ಬೇರೆಯವರೊಡನೆ ಹೋಲಿಸಬೇಕೆಂಬುದು ಫಿಶರನು ಗದ್ದೆಯಲ್ಲಿ ಕಲಿಸಿದ ಪಾಠ. ಅಷ್ಟು ದೊಡ್ಡ ಬುದ್ಧಿವಂತನೇ ಅದನ್ನು ಎರಡು ಸಲ ಮರೆತನೆಂದರೆ ನಾವು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.